ತರಗತಿಯೇ ಸಂಶೋಧನೆಯ ವಸ್ತುವಾದಾಗ: ನೈತಿಕ ಅನುಮೋದನೆ ಬೆಳೆದುಬಂದ ಬಗೆ

ವಿಶ್ವವಿದ್ಯಾಲಯದ ಅಧ್ಯಾಪಕರು ತಮ್ಮ ತರಗತಿಯ ಕಲಿಕೆಯನ್ನೇ ಸಂಶೋಧನೆಗೆ ಎತ್ತಿಕೊಂಡಾಗ ವಿದ್ಯಾರ್ಥಿಗಳ ಉತ್ತರಪತ್ರಿಕೆ, ಚರ್ಚೆ, ಹಾಜರಿ ಎಲ್ಲವೂ ದತ್ತಾಂಶವಾಗುತ್ತವೆ. ಅಂಕ ಕೊಡುವವರೂ ಒಪ್ಪಿಗೆ ಕೇಳುವವರೂ ಒಬ್ಬರೇ ಆಗಿರುವುದು ಇಲ್ಲಿನ ಮುಖ್ಯ ತೊಡಕು. ಇಂಥ ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮೋದನೆ ಬೇಕೇ, ಬೇಕಾದರೆ ಎಷ್ಟರ ಮಟ್ಟಿಗೆ ಎಂಬ ಚರ್ಚೆಗೆ ಸುಮಾರು ಅರ್ಧ ಶತಮಾನದ ಚರಿತ್ರೆಯಿದೆ.

ನಿಯಮಗಳ ಬೇರು ಇರುವುದು ವೈದ್ಯಕೀಯದಲ್ಲಿ. ನಾಜಿ ವೈದ್ಯರ ವಿಚಾರಣೆಯಿಂದ 1947ರ ನ್ಯೂರೆಂಬರ್ಗ್ ಸಂಹಿತೆ ಬಂತು. 1964ರಲ್ಲಿ ಹೆಲ್ಸಿಂಕಿ ಘೋಷಣೆ. ಅಮೆರಿಕದ ಅಲಬಾಮಾದಲ್ಲಿ ಸಿಫಿಲಿಸ್ ತಗುಲಿದ ಕಪ್ಪು ಜನರಿಗೆ, ಪೆನಿಸಿಲಿನ್ ಬಳಕೆಗೆ ಬಂದ ಮೇಲೂ ಚಿಕಿತ್ಸೆ ಕೊಡದೆ 1932ರಿಂದ 1972ರವರೆಗೆ ನಡೆಸಿದ ಟಸ್ಕೀಗಿ ಅಧ್ಯಯನ ಬಯಲಾದ ಬಳಿಕ ಅಲ್ಲಿ 1974ರ ರಾಷ್ಟ್ರೀಯ ಸಂಶೋಧನಾ ಕಾಯ್ದೆ ಜಾರಿಯಾಯಿತು. ಅದರಡಿ ರಚನೆಯಾದ ಆಯೋಗದ ಬೆಲ್ಮಾಂಟ್ ವರದಿ (1979) ವ್ಯಕ್ತಿಗೌರವ, ಹಿತ, ನ್ಯಾಯ ಎಂಬ ಮೂರು ತತ್ತ್ವಗಳನ್ನು ಮುಂದಿಟ್ಟಿತು.

ಆಸ್ಪತ್ರೆಗೆಂದು ಹುಟ್ಟಿದ ಈ ಕಟ್ಟುಪಾಡು ತರಗತಿಗೆ ಹಾಗೇ ಹೊಂದುವುದಿಲ್ಲ ಎಂಬುದು ಬೇಗನೆ ಗೊತ್ತಾಯಿತು. 1981ರ ಅಮೆರಿಕನ್ ನಿಯಮಗಳು ರೂಢಿಯಲ್ಲಿರುವ ಬೋಧನಾ ಪದ್ಧತಿಗಳ ಅಧ್ಯಯನಕ್ಕೆ ವಿನಾಯಿತಿ ಕೊಟ್ಟವು. 1991ರಲ್ಲಿ ಹಲವು ಸರ್ಕಾರಿ ಇಲಾಖೆಗಳು ಒಟ್ಟಾಗಿ ಒಪ್ಪಿದ ನಿಯಮಾವಳಿಯಲ್ಲೂ ಅದು ಉಳಿಯಿತು. ಆದರೆ ಸಂಶೋಧಕ ಹೊರಗಿನವನೇ, ಅದೇ ತರಗತಿಯ ಮೇಷ್ಟ್ರೇ ಎಂಬುದನ್ನು ಆ ವಿನಾಯಿತಿ ಕೇಳಲಿಲ್ಲ.

ಕೇಳುವ ಕಾಲ ಬಂದದ್ದು ತೊಂಬತ್ತರ ದಶಕದಲ್ಲಿ. ಕಾರ್ನೆಗಿ ಪ್ರತಿಷ್ಠಾನದ ಅರ್ನೆಸ್ಟ್ ಬಾಯರ್ 1990ರಲ್ಲಿ ಬೋಧನೆಯೂ ವಿದ್ವತ್ತಿನ ಒಂದು ಬಗೆ ಎಂದು ವಾದಿಸಿದರು. ಲೀ ಶುಲ್ಮನ್ ಅಧ್ಯಕ್ಷರಾಗಿದ್ದಾಗ, 1998ರಲ್ಲಿ, ಅದೇ ಪ್ರತಿಷ್ಠಾನ ಅಧ್ಯಾಪಕರು ತಮ್ಮ ತರಗತಿಯನ್ನೇ ಅಭ್ಯಸಿಸುವ ಕಾರ್ಯಕ್ರಮ ಆರಂಭಿಸಿತು. ಪ್ಯಾಟ್ ಹಚಿಂಗ್ಸ್ 2002ರಲ್ಲಿ ಸಂಪಾದಿಸಿದ ಸಂಪುಟ ಈ ಕ್ಷೇತ್ರದ ನೈತಿಕ ಇಕ್ಕಟ್ಟುಗಳನ್ನೇ ಕೇಂದ್ರವಾಗಿಟ್ಟುಕೊಂಡಿತ್ತು.

ಇಕ್ಕಟ್ಟುಗಳು ನಿಜವಾದವೇ. ಆಂತರಿಕ ಅಂಕ ಕೈಯಲ್ಲಿರುವ ಅಧ್ಯಾಪಕರು ಸಮ್ಮತಿ ಪತ್ರ ಹಂಚಿದರೆ ಬೇಡವೆನ್ನುವ ಧೈರ್ಯ ಎಷ್ಟು ವಿದ್ಯಾರ್ಥಿಗಳಿಗಿದ್ದೀತು? ಅದಕ್ಕೆ ಕ್ರಮೇಣ ರೂಢಿಯಾದ ಪರಿಹಾರ ಸರಳ: ಅಧ್ಯಾಪಕರು ಕೊಠಡಿಯಿಂದ ಹೊರಗೆ ಹೋಗುತ್ತಾರೆ, ಸಹೋದ್ಯೋಗಿಯೊಬ್ಬರು ವಿವರಿಸಿ ಪತ್ರ ಸಂಗ್ರಹಿಸಿ ಮುಚ್ಚಿದ ಲಕೋಟೆಯಲ್ಲಿಡುತ್ತಾರೆ, ಅಂತಿಮ ಅಂಕಗಳು ಸಲ್ಲಿಕೆಯಾದ ಮೇಲೆಯೇ ಲಕೋಟೆ ತೆರೆಯುತ್ತದೆ. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದು ಅಲ್ಲಿಯವರೆಗೆ ಅಧ್ಯಾಪಕರಿಗೆ ತಿಳಿಯದು. ಒಪ್ಪದವರೂ ಪಾಠ, ಮನೆಗೆಲಸ, ಪರೀಕ್ಷೆ ಎಲ್ಲದರಲ್ಲೂ ಭಾಗಿಗಳೇ. ಅವರ ಬರಹ ವಿಶ್ಲೇಷಣೆಯಿಂದ ಹೊರಗುಳಿಯುತ್ತದೆ, ಅಷ್ಟೆ. ಎರಡು ವಿಭಾಗಗಳಿಗೆ ಎರಡು ವಿಧಾನದಲ್ಲಿ ಪಾಠ ಮಾಡುವ ಪ್ರಯೋಗ ಇದಕ್ಕಿಂತ ಕಷ್ಟದ್ದು. ಒಂದು ವಿಧಾನ ಮೇಲೆಂದು ನಡುವೆಯೇ ಕಂಡರೆ ಇನ್ನೊಂದು ವಿಭಾಗಕ್ಕೆ ಆಗುವ ನಷ್ಟವನ್ನು ಯಾವ ಸಮ್ಮತಿ ಪತ್ರವೂ ತುಂಬಿಕೊಡದು. 2017ರಲ್ಲಿ ಪ್ರಕಟವಾಗಿ 2019ರಿಂದ ಪಾಲನೆಗೆ ಬಂದ ಅಮೆರಿಕದ ಪರಿಷ್ಕೃತ ನಿಯಮ ಈ ಕೊರತೆಯನ್ನು ಗಮನಿಸಿತು: ಕಲಿಯಲೇಬೇಕಾದ ಪಾಠದ ಅವಕಾಶಕ್ಕೆ ಧಕ್ಕೆಯಾಗುವ ಸಂಭವವಿದ್ದರೆ ವಿನಾಯಿತಿ ಇಲ್ಲ.

ಬೇರೆ ದೇಶಗಳು ಬೇರೆ ದಾರಿ ಹಿಡಿದವು. ಕೆನಡಾದ ಮೂರು ಸಂಶೋಧನಾ ಮಂಡಳಿಗಳ 1998ರ ಜಂಟಿ ನೀತಿ 2010ರಲ್ಲಿ ಪರಿಷ್ಕೃತವಾಯಿತು. ಸಂಸ್ಥೆಯ ಗುಣಮಟ್ಟ ಸುಧಾರಣೆಗೆಂದು ನಡೆಸುವ ಪರಿಶೀಲನೆಗೆ ಸಮಿತಿಯ ಅನುಮೋದನೆ ಬೇಡವೆಂದರೂ, ಅದೇ ದತ್ತಾಂಶವನ್ನು ಮುಂದೆ ಸಂಶೋಧನೆಗೆ ಬಳಸಿದರೆ ಪರಾಮರ್ಶೆ ಬೇಕಾಗಬಹುದು ಎಂಬುದು ಅದರ ನಿಲುವು. ಆಸ್ಟ್ರೇಲಿಯಾದ 2007ರ ರಾಷ್ಟ್ರೀಯ ಹೇಳಿಕೆ ಗುರು-ಶಿಷ್ಯ ಸಂಬಂಧವನ್ನು ಅಸಮಾನ ಸಂಬಂಧಗಳ ಸಾಲಿನಲ್ಲೇ ಸೇರಿಸಿತು. ಬ್ರಿಟನ್ನಿನಲ್ಲಿ ಶಿಕ್ಷಣ ಸಂಶೋಧಕರ ಸಂಘ 1992ರಿಂದ ಮಾರ್ಗಸೂಚಿ ಪ್ರಕಟಿಸುತ್ತ ಬಂದಿದೆ. ಆನ್‌ಲೈನ್ ಕಲಿಕೆ ಹಬ್ಬಿ ವಿದ್ಯಾರ್ಥಿಯ ಪ್ರತಿ ಕ್ಲಿಕ್ಕೂ ದಾಖಲಾಗತೊಡಗಿದಾಗ, ಅಲ್ಲಿನ ಓಪನ್ ಯೂನಿವರ್ಸಿಟಿ 2014ರಲ್ಲಿ ಅಂಥ ಮಾಹಿತಿಯ ಬಳಕೆಗೆಂದೇ ಒಂದು ನೈತಿಕ ನೀತಿ ರೂಪಿಸಿತು.

ಭಾರತದಲ್ಲಿ ವ್ಯವಸ್ಥೆ ಅರೆಬರೆಯಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಬೋಧನಾ ವಿಧಾನಗಳ ಹೋಲಿಕೆಯನ್ನು ಪರಾಮರ್ಶೆಯಿಂದ ವಿನಾಯಿತಿ ಕೊಡಬಹುದಾದ ಅಧ್ಯಯನಗಳಲ್ಲಿ ಹೆಸರಿಸುತ್ತದೆ. ಅದೇ ಮಾರ್ಗಸೂಚಿ ಅಧಿಕಾರ ಶ್ರೇಣಿಗೆ ಒಳಪಟ್ಟ ವಿದ್ಯಾರ್ಥಿಗಳನ್ನು ದುರ್ಬಲ ವರ್ಗದಲ್ಲೂ ಎಣಿಸುತ್ತದೆ. ಈ ಎರಡನ್ನೂ ಜೊತೆಯಲ್ಲೇ ಓದಬೇಕು. ವಿನಾಯಿತಿ ಕಾಗದಪತ್ರದ ಭಾರ ಇಳಿಸುತ್ತದೆ, ಹೊಣೆಯನ್ನು ಇಳಿಸುವುದಿಲ್ಲ. ಕರ್ನಾಟಕದಲ್ಲೂ ವೈದ್ಯಕೀಯ ಕಾಲೇಜಿನ ಅಧ್ಯಾಪಕರಿಗೆ ಮೊರೆಹೋಗಲು ಸಾಂಸ್ಥಿಕ ನೈತಿಕ ಸಮಿತಿ ಸಿದ್ಧವಾಗಿರುತ್ತದೆ. ಕಲಾ, ವಾಣಿಜ್ಯ ಪದವಿ ಕಾಲೇಜುಗಳಲ್ಲಿ ಅಂಥ ಏರ್ಪಾಡು ವಿರಳ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ಕೃತಿಚೌರ್ಯ ತಡೆ ನಿಯಮಾವಳಿ ಬರೆದದ್ದರ ಪ್ರಾಮಾಣಿಕತೆಯನ್ನು ಕಾಯುತ್ತದೆಯೇ ಹೊರತು ಅಧ್ಯಯನಕ್ಕೆ ಒಳಗಾದವರನ್ನಲ್ಲ.

ಪಿಯುಸಿ ಮುಗಿಸಿ ಬರುವ ಪ್ರಥಮ ವರ್ಷದವರಲ್ಲಿ ಕೆಲವರಿಗೆ ಇನ್ನೂ 18 ತುಂಬಿರುವುದಿಲ್ಲ. ಅವರ ಒಪ್ಪಿಗೆಯ ಜೊತೆಗೆ ಪೋಷಕರ ಸಮ್ಮತಿಯೂ ಬೇಕು. ತರಗತಿ ಸಮೀಕ್ಷೆಗಳಲ್ಲಿ ಇದು ಸುಲಭವಾಗಿ ಮರೆತುಹೋಗುವ ಅಂಶ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ (2023) 18ರೊಳಗಿನವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಸಂಶೋಧನೆಗೆ ಅದು ಕೊಡುವ ರಿಯಾಯಿತಿಗೂ ಷರತ್ತುಗಳಿವೆ: ನಿಗದಿತ ಮಾನದಂಡ ಪಾಲಿಸಬೇಕು, ಆ ಮಾಹಿತಿಯ ಆಧಾರದ ಮೇಲೆ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ತೀರ್ಮಾನವನ್ನೂ ಕೈಗೊಳ್ಳಬಾರದು. ಸಂಶೋಧನೆಗೆಂದು ಪಡೆದ ಉತ್ತರವನ್ನು ಆಂತರಿಕ ಅಂಕ ನಿರ್ಧರಿಸಲು ಬಳಸಿದರೆ ಆ ರಿಯಾಯಿತಿ ಅನ್ವಯಿಸುವುದಿಲ್ಲ.