ಹಣೆಯ ಚರ್ಮದಿಂದ ಮೂಗು, ಬೆನ್ನಿನ ಸ್ನಾಯುವಿನಿಂದ ಎದೆ

ಮಲ್ಪೆ ಬಂದರಿನಲ್ಲಿ ಮೀನು ಮಾರುವ ಅಕ್ಕ ಒಬ್ಬರಿದ್ದಾರೆ. ಸ್ತನ ಕ್ಯಾನ್ಸರಿನ ಆಪರೇಶನ್ ಆದ ಮೇಲೆ ರವಿಕೆಯ ಒಂದು ಬದಿಗೆ ಹಳೆ ಬಟ್ಟೆ ಮಡಚಿ ಇಟ್ಟುಕೊಳ್ಳುತ್ತಾರೆ. ಬಗ್ಗಿ ಬುಟ್ಟಿ ಎತ್ತುವಾಗ ಅದು ಜಾರುತ್ತದೆ. ತೆಗೆದ ಸ್ತನವನ್ನು ಮತ್ತೆ ಕಟ್ಟುವ ಶಸ್ತ್ರಚಿಕಿತ್ಸೆ ಉಂಟು ಎಂದು ನಾವು ಹೇಳಿದಾಗ ಅವರು ನಕ್ಕುಬಿಟ್ಟರು. "ಅದೆಲ್ಲ ಸಿನಿಮಾದವರಿಗೆ ಮಾರಾಯ್ರೆ. ಈಗ ಬಂದ ಫ್ಯಾಷನ್."

ಈಗ ಬಂದದ್ದಲ್ಲ. ಈ ವಿದ್ಯೆಯ ಕಥೆಯಲ್ಲಿ ನಮ್ಮ ಮೈಸೂರು ಯುದ್ಧವೂ ಬರುತ್ತದೆ.

1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೋವಾಸ್ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು ಎಂದು ಇಂಗ್ಲಿಷರು ಬರೆದರು. (ಟಿಪ್ಪುವನ್ನು ಕ್ರೂರಿ ಎಂದು ತೋರಿಸುವುದು ಅವರಿಗೆ ಬೇಕಾಗಿಯೂ ಇತ್ತು, ಅದನ್ನು ನೆನಪಿಟ್ಟುಕೊಂಡೇ ಓದಬೇಕು.) ಒಂದು ವರ್ಷ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗು ಕಟ್ಟಿದ. ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' 1794ರ ಅಕ್ಟೋಬರಿನಲ್ಲಿ ಚಿತ್ರದ ಸಮೇತ ಇದನ್ನು ಅಚ್ಚು ಹಾಕಿತು.

ಕೆಲಸ ನಡೆದದ್ದು ಹೀಗೆ. ಮೊದಲು ತೆಳ್ಳಗಿನ ಮೇಣದ ಹಾಳೆಯಿಂದ ಮೂಗಿನ ಅಚ್ಚು ಮಾಡಿದರು. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದರು. ಆ ಗೆರೆಯ ಮೇಲೆ ಚರ್ಮ ಬಿಡಿಸಿದರು, ಆದರೆ ಎರಡು ಕಣ್ಣುಗಳ ನಡುವೆ ಒಂದು ಚಿಕ್ಕ ಪಟ್ಟಿಯನ್ನು ಕತ್ತರಿಸದೆ ಬಿಟ್ಟರು. ಜೀವ ಇರುವುದೇ ಆ ಪಟ್ಟಿಯಲ್ಲಿ, ರಕ್ತ ಹರಿಯುವುದು ಅದರ ಮೂಲಕ. ಚರ್ಮವನ್ನು ತಿರುಗಿಸಿ ಕೆಳಗೆ ತಂದು ಮೂಗಿನ ಜಾಗದಲ್ಲಿ ಕೂರಿಸಿದರು. ಅಂಟಿಸಿದ್ದು ಯಾವುದರಿಂದ ಗೊತ್ತೇ? ಕಾಚಿನಿಂದ. ಎಲೆ ಅಡಿಕೆಗೆ ಹಾಕುವ ಅದೇ ಕಾಚನ್ನು ನೀರಲ್ಲಿ ಕಲಸಿ ಬಟ್ಟೆಯ ಪಟ್ಟಿಗೆ ಹಚ್ಚಿ, ಒಂದರ ಮೇಲೊಂದು ಐದಾರು ಇಟ್ಟರು. ನಾಲ್ಕು ದಿನ ಬಿಟ್ಟು ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೇ ದಿನ ನಡುವಿನ ಪಟ್ಟಿ ಕತ್ತರಿಸಿದರು.

ಪತ್ರಿಕೆ ರೋಗಿಯ ಹೆಸರು ಬರೆಯಿತು, ನೋಡಲು ಬಂದ ಇಂಗ್ಲಿಷ್ ವೈದ್ಯರ ಹೆಸರು ಬರೆಯಿತು. ಕೈಯಾರೆ ಮೂಗು ಕಟ್ಟಿದವನ ಹೆಸರನ್ನು ಬರೆಯಲಿಲ್ಲ. ವರದಿಗಾರಿಕೆ ಕಲಿತ ನಮಗೆ ಇದು ಇವತ್ತಿಗೂ ಚುಚ್ಚುತ್ತದೆ.

ಆ ವರದಿ ಓದಿದ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಹೆಣಗಳ ಮೇಲೆ ವರ್ಷಗಟ್ಟಲೆ ಅಭ್ಯಾಸ ಮಾಡಿ 1814ರಲ್ಲಿ ಮೊದಲ ಶಸ್ತ್ರಚಿಕಿತ್ಸೆ ಮಾಡಿದ. 1816ರಲ್ಲಿ ಅವನ ಪುಸ್ತಕ ಬಂತು. ಅದಕ್ಕೂ ಎಷ್ಟೋ ಹಿಂದೆ ಸುಶ್ರುತ ಸಂಹಿತೆ ಕೆನ್ನೆಯ ಚರ್ಮದಿಂದ ಮೂಗು ಮಾಡುವುದನ್ನು ವಿವರಿಸಿತ್ತು. ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ. ಎಸ್. ವಲಿಯತ್ತಾನ್ ಸುಶ್ರುತನ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಅವರು 2024ರಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಇವತ್ತಿಗೂ ಚರ್ಮದ ಕ್ಯಾನ್ಸರಿಗಾಗಿ ಮೂಗಿನ ಭಾಗ ತೆಗೆದಾಗ ಪ್ಲಾಸ್ಟಿಕ್ ಸರ್ಜನ್‌ಗಳು ಹಣೆಯ ಚರ್ಮವನ್ನೇ ತಿರುಗಿಸಿ ತರುತ್ತಾರೆ.

ಚರ್ಮದ ಕ್ಯಾನ್ಸರ್ ಬಿಳಿಯರಿಗೆ ಹೆಚ್ಚು, ನಮ್ಮ ಕಪ್ಪು ಬಣ್ಣ ಬಿಸಿಲಿಗೆ ಕೊಡೆ ಇದ್ದಂತೆ. ಹಾಗೆಂದು ನಮಗೆ ಬರುವುದೇ ಇಲ್ಲ ಎಂದಲ್ಲ. ಅಂಗಾಲಿನ ಕಪ್ಪು ಮಚ್ಚೆ, ಸುಟ್ಟ ಹಳೆ ಕಲೆಯ ಮೇಲೆ ಮಾಯದ ಹುಣ್ಣು, ಇವೂ ಅದೇ ಆಗಿರಬಹುದು. 1945ರಲ್ಲಿ ಮುಂಬೈಯ ಡಾ. ವಿ. ಆರ್. ಖಾನೋಲ್ಕರ್ ಸೊಂಟದಲ್ಲಿ ಧೋತರ ಬಿಗಿಯುವ ಜಾಗದಲ್ಲಿ ಬರುವ ಕ್ಯಾನ್ಸರನ್ನು ದಾಖಲಿಸಿದರು. ಸೀರೆಯ ಲಂಗದ ಲಾಡಿ ವರ್ಷಗಟ್ಟಲೆ ಉಜ್ಜಿದ ಜಾಗದಲ್ಲೂ ಅಂಥದ್ದು ಕಂಡದ್ದಿದೆ. ತೀರಾ ಅಪರೂಪ, ಆದರೆ ಅಲ್ಲಿಯ ಗಾಯ ಮಾಯದಿದ್ದರೆ ತೋರಿಸಬೇಕು.

ಎದೆಯ ಕಥೆಗೆ ಬರೋಣ. ಅಮೆರಿಕದ ಹಾಲ್‌ಸ್ಟೆಡ್ 1890ರ ದಶಕದಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯು, ಕಂಕುಳ ಗಂಟು ಎಲ್ಲವನ್ನೂ ತೆಗೆಯುವ ಪದ್ಧತಿ ತಂದ. ಮತ್ತೆ ಕಟ್ಟುವ ಕೆಲಸ ಅವನಿಗೆ ಒಪ್ಪಿಗೆಯಾಗಲಿಲ್ಲ. ಇಟಲಿಯ ತಾನ್ಸೀನಿ ಮಾತ್ರ 1906ರಲ್ಲಿ ಬೆನ್ನಿನ ಅಗಲ ಸ್ನಾಯುವನ್ನು ಅದರ ಚರ್ಮ, ರಕ್ತನಾಳಗಳ ಸಮೇತ ಮುಂದೆ ತಿರುಗಿಸಿ ಎದೆಯ ಗಾಯ ಮುಚ್ಚುವುದನ್ನು ಬರೆದ. ಲೆಕ್ಕಾಚಾರ ಪುಣೆಯದ್ದೇ: ಪೂರ್ತಿ ಕತ್ತರಿಸಬೇಡ, ರಕ್ತದ ದಾರಿ ಉಳಿಸು. ಹಾಲ್‌ಸ್ಟೆಡ್‌ನ ಹೆಸರು ದೊಡ್ಡದು, ತಾನ್ಸೀನಿಯದ್ದು ಮರೆತೇ ಹೋಯಿತು. 1970ರ ದಶಕದಲ್ಲಿ ಬೇರೆ ವೈದ್ಯರು ಅದನ್ನು ಮತ್ತೆ ಕಂಡುಕೊಂಡರು. ಅಷ್ಟರಲ್ಲಿ 70 ವರ್ಷ ಕಳೆದಿತ್ತು, ಎಷ್ಟು ಹೆಂಗಸರು ರವಿಕೆಯೊಳಗೆ ಬಟ್ಟೆ ಮಡಚಿ ಇಟ್ಟುಕೊಂಡರೋ.

ಈಗ ಹೊಟ್ಟೆಯ ಚರ್ಮ, ಕೊಬ್ಬಿನಿಂದಲೂ ಮಾಡುತ್ತಾರೆ, ಸಿಲಿಕೋನ್ ಚೀಲವನ್ನೂ ಇಡುತ್ತಾರೆ. ಕ್ಯಾನ್ಸರಿನ ಆಪರೇಶನ್ ಆಗಿ ವರ್ಷಗಳಾದ ಮೇಲೂ ಮಾಡಿಸಬಹುದು, ಎಲ್ಲರಿಗೂ ಹೊಂದುವುದಿಲ್ಲ. ಬೆನ್ನಿನ ಆ ಸ್ನಾಯು ಮಾತ್ರ ಹಗ್ಗ, ಬಲೆ ಎಳೆಯುವಾಗ ದುಡಿಯುವ ಸ್ನಾಯು. ಮೈಮುರಿದು ದುಡಿಯುವವರು ಇದನ್ನು ವೈದ್ಯರ ಬಳಿ ಮೊದಲೇ ಹೇಳಬೇಕು.

ಇಷ್ಟನ್ನೂ ನಾವು ಬಂದರಿನಲ್ಲೇ ಕೂತು ಅಕ್ಕನಿಗೆ ಹೇಳಿದೆವು. ಕಾಚಿನ ವಿಷಯಕ್ಕೆ ಅವರು ತಮ್ಮ ಎಲೆಸಂಚಿ ತಟ್ಟಿ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆನ್ನಿಂದ ತೆಗೆದ್ರೆ ಮತ್ತೆ ಬುಟ್ಟಿ ಎತ್ಲಿಕ್ಕೆ ಆಗ್ತದಾ ಕೇಳ್ಬೇಕು" ಎಂದರು. ಮುಂದಿನ ತಪಾಸಣೆಗೆ ತೆಗೆದುಕೊಂಡು ಹೋಗಲು ಆ ಪ್ರಶ್ನೆಯನ್ನು ನಮ್ಮ ಕೈಯಿಂದ ಚೀಟಿಯಲ್ಲಿ ಬರೆಸಿಕೊಂಡರು.