ನಾಯಿ ಬೊಗಳಿತು, ಅಂಗಳದಲ್ಲಿ ಯಾರೂ ಇಲ್ಲ! (ಕಂಪ್ಯೂಟರ್ ಚರಿತ್ರೆ, ಭಾಗ 4)

ನಮ್ಮ ಆಲೂರು, ಸಕಲೇಶಪುರ ಕಡೆ ರಾತ್ರಿ ನಾಯಿ ಬೊಗಳಿದ್ರೆ ಟಾರ್ಚ್ ಹಿಡಿದು ನೋಡ್ಲೇಬೇಕು. ಕಾಫಿ ತೋಟದಲ್ಲಿ ಆನೆ ಇರಬಹುದು. ಎಷ್ಟೋ ಸಲ ಏನೂ ಇರಲ್ಲ. ಹಾಗಂತ ನಾಯಿ ಬಾಯಿ ಕಟ್ಟೋಕಾಗುತ್ತಾ?

ಕಂಪ್ಯೂಟರಿಗೂ ಇದೇ ಪೇಚಾಟ ಕಣ್ರೋ.

ಕೀಬೋರ್ಡ್, ಡಿಸ್ಕ್ ಇವೆಲ್ಲ ಪ್ರೊಸೆಸರನ್ನು ಕೂಗಿ ಕರೆಯೋದಕ್ಕೆ ಇಂಟರಪ್ಟ್ ಅಂತಾರೆ. 1981ರ ಐಬಿಎಂ ಪಿಸಿಯಲ್ಲಿ ಈ ಕೂಗುಗಳನ್ನು ಸಾಲಾಗಿ ಕಳಿಸುತ್ತಿದ್ದದ್ದು ಇಂಟೆಲ್‌ನ 8259ಎ ಚಿಪ್. ಅದಕ್ಕೆ 8 ತಂತಿ, 0ಯಿಂದ 7ರವರೆಗೆ. ಪ್ರೊಸೆಸರ್ "ಯಾರಪ್ಪಾ ಅದು?" ಅನ್ನೋದರೊಳಗೆ ತಂತಿಯ ಸಿಗ್ನಲ್ ಇಳಿದುಹೋದರೆ? ಕರೆದವರು ಮಾಯ, ಆದರೂ ಚಿಪ್ ಏನಾದರೂ ಹೇಳಲೇಬೇಕು. ಅದು "7" ಅನ್ನುತ್ತೆ. ಪಿಸಿಯಲ್ಲಿ 7 ಅಂದ್ರೆ ಪ್ರಿಂಟರ್. ಪಾಪ, ಅದು ಸುಮ್ಮನೆ ಕೂತಿರುತ್ತೆ!

ನಿಜವೋ ಸುಳ್ಳೋ ತಿಳಿಯೋದು ಹೇಗೆ? ಚಿಪ್‌ನೊಳಗೆ ಇನ್-ಸರ್ವಿಸ್ ರಿಜಿಸ್ಟರ್ ಅಂತ ಒಂದು ಲೆಕ್ಕದ ಪುಸ್ತಕ ಇದೆ. ಕೂಗು ನಿಜವಾದರೆ ಅಲ್ಲಿ 7ರ ಗುರುತು ಇರುತ್ತೆ. ಆಗ ಕರ್ನಲ್ ಕೆಲಸ ಮಾಡಿ "ಮುಗೀತು" ಅಂತ ಚಿಪ್‌ಗೆ ಹೇಳಬೇಕು. ಗುರುತು ಇಲ್ಲದಿದ್ದರೆ ಸುಮ್ಮನೆ ವಾಪಸ್ ಬರಬೇಕು. ಸುಳ್ಳಿಗೂ "ಮುಗೀತು" ಅಂದರೆ, ಅರ್ಧದಲ್ಲಿರೋ ಬೇರೆ ನಿಜವಾದ ಕೆಲಸದ ಗುರುತು ಅಳಿಸಿಹೋಗಬಹುದು!

1984ರ ಪಿಸಿ ಎಟಿಯಲ್ಲಿ ಎರಡನೇ ಚಿಪ್ ಬಂತು. ಅದರ ಸುಳ್ಳು ಕೂಗಿನ ನಂಬರ್ 15. ಆಗ ಮೊದಲನೇ ಚಿಪ್‌ಗೆ ಮಾತ್ರ "ಮುಗೀತು" ಅನ್ನಬೇಕು. ಯಾಕಂದ್ರೆ ಎರಡನೆಯದು ಕರೆದದ್ದನ್ನು ಅದು ನಿಜ ಅಂತಲೇ ಬರೆದುಕೊಂಡಿರುತ್ತೆ.

ಲಿನಕ್ಸ್ ಇನ್ನೂ ತಾಳ್ಮೆಯದ್ದು. ಒಂದು ತಂತಿಯ 1,00,000 ಕೂಗಿನಲ್ಲಿ 99,900ಕ್ಕಿಂತ ಹೆಚ್ಚು ಕೂಗನ್ನು ಯಾವ ಡ್ರೈವರೂ "ನಂದು" ಅನ್ನದಿದ್ರೆ, "ನೋಬಡಿ ಕೇರ್ಡ್" ಅಂತ ಬರೆದು ಆ ತಂತಿಯನ್ನೇ ಮುಚ್ಚುತ್ತೆ. ಆದರೆ ಅದೇ ತಂತಿ ಹಂಚಿಕೊಂಡ ಒಳ್ಳೆ ಸಾಧನದ ಕೂಗೂ ಅಲ್ಲಿಗೆ ನಿಂತಿತು. ಅದಕ್ಕೇ ಅಷ್ಟು ಹೊತ್ತು ಕಾಯೋದು.

ನಾನು ಲ್ಯಾಬ್‌ಗೆ ಬರೆದ ಪುಟ್ಟ ಕರ್ನಲ್‌ನಲ್ಲಿ "ಗೊತ್ತಿಲ್ಲದ ನಂಬರ್ ಬಂದ್ರೆ ಎಲ್ಲಾ ನಿಲ್ಲಿಸು" ಅಂತ ಹಾಕಿದ್ದೆ. ಒಂದು ಸುಳ್ಳು 7 ಬಂತು, ಡೆಮೋ ಮಧ್ಯದಲ್ಲೇ ಢಮಾರ್. ಎಲ್ಲರೂ ನಕ್ಕಿದ್ದು ನೆನಪಿದೆ ತಾನೆ?

ಅವತ್ತು ರಾತ್ರಿ ಮನೆಯಲ್ಲಿ ನಾಯಿ ಬೊಗಳಿತು. ಅಪ್ಪ ಎದ್ದರು, ಟಾರ್ಚ್ ಬಿಟ್ಟು ನೋಡಿದರು, ಏನೂ ಇಲ್ಲ ಅಂತ ಬಂದು ಮಲಗಿದರು. ನಾಯಿಗೆ ಬೈಯಲಿಲ್ಲ, ಊರನ್ನೂ ಎಬ್ಬಿಸಲಿಲ್ಲ. ನನ್ನ ಕೋಡ್‌ನಲ್ಲಿ ಇಲ್ಲದೇ ಇದ್ದದ್ದು ಅದೇ.

ನಿಮ್ಮ ಕೋಡ್ ಸುಳ್ಳು ಕೂಗಿಗೆ ಏನ್ ಮಾಡುತ್ತೆ? ಕಾಮೆಂಟ್ ಮಾಡಿ 👇

#ಕಂಪ್ಯೂಟರ್‌ಚರಿತ್ರೆ #ಸಕಲೇಶಪುರ #ಆಲೂರು