ನೆನಪೇ ಇಲ್ಲದ ಗಾಡ್‌ಫಾದರ್

ನಮ್ಮಲ್ಲಿ ಗಾಡ್‌ಫಾದರ್ ಅಂದ್ರೆ ಆಫೀಸಿನಲ್ಲಿ ಪ್ರಮೋಷನ್, ಸಿನಿಮಾದಲ್ಲಿ ಚಾನ್ಸ್ ಕೊಡಿಸುವವರು! ಕ್ರೈಸ್ತರಲ್ಲಿ ಮಾತ್ರ ಮಗುವಿನ ದೀಕ್ಷಾಸ್ನಾನದ ಹೊತ್ತಿಗೆ ಅದರ ಹೊಣೆ ಹೊರುವವರು. ಇಂಜಿನಿಯರಿಂಗ್ ಓದುವಾಗ ಡಿಸ್ಕ್ರೀಟ್ ಮ್ಯಾಥ್ಸ್‌ನಲ್ಲಿ ನನಗೆ ಪರಿಚಯವಾದ ಬರ್ಟ್ರಂಡ್ ರಸೆಲ್‌ಗೂ (1872-1970) ಒಬ್ಬ ಗಾಡ್‌ಫಾದರ್ ಇದ್ದ. ತಮಾಷೆ ಏನಂದ್ರೆ, ಚರ್ಚಿನ ಕಟ್ಟುಪಾಡು ಒಪ್ಪದ ಅಪ್ಪ ಆಂಬರ್ಲಿ, ದೇವರ ಮಾತೇ ಎತ್ತದೆ, ತಾನು ಮೆಚ್ಚಿದ್ದ ಜಾನ್ ಸ್ಟುವರ್ಟ್ ಮಿಲ್‌ನನ್ನು ಆ ಜಾಗಕ್ಕೆ ಕೇಳಿಕೊಂಡಿದ್ದ.

ಮರುವರ್ಷವೇ, 1873ರಲ್ಲಿ, ಮಿಲ್ ತೀರಿಕೊಂಡ. ರಸೆಲ್‌ಗೆ ನಾಲ್ಕು ತುಂಬುವ ಮೊದಲೇ ಅಪ್ಪ ಅಮ್ಮ ಇಬ್ಬರೂ ಹೋದರು. ಸಾಕಿದ್ದು ದೈವಭಕ್ತೆ ಅಜ್ಜಿ. ಹದಿನೆಂಟರಲ್ಲಿ ಮಿಲ್‌ನ ಆತ್ಮಕಥೆ ಓದಿದ. ಎಲ್ಲವನ್ನೂ ದೇವರು ಮಾಡಿದ್ದಾದರೆ ದೇವರನ್ನು ಮಾಡಿದ್ದು ಯಾರು ಅನ್ನೋ ಪ್ರಶ್ನೆ ಅಲ್ಲಿತ್ತು. ರಸೆಲ್‌ನ ನಂಬಿಕೆ ಅಲ್ಲಿಗೆ ಮುಗೀತು.

1867ರಲ್ಲಿ ಮಿಲ್ ಪಾರ್ಲಿಮೆಂಟಿನಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೇಳಿ, 73 ಮತ ಪಡೆದು ಸೋತಿದ್ದ. 1907ರಲ್ಲಿ ರಸೆಲ್ ಅದೇ ಬೇಡಿಕೆ ಹಿಡಿದು ವಿಂಬಲ್ಡನ್‌ನಲ್ಲಿ ಚುನಾವಣೆಗೆ ನಿಂತ, ತಾನೂ ಸೋತ!

ನನ್ನನ್ನು ಕಾಡೋದು ಇನ್ನೊಂದು ವಿಷಯ. ಮಿಲ್ 1823ರಿಂದ 35 ವರ್ಷ ಈಸ್ಟ್ ಇಂಡಿಯಾ ಕಂಪನಿಯ ನೌಕರ. 1859ರಲ್ಲಿ ಸ್ವಾತಂತ್ರ್ಯದ ಬಗ್ಗೆಯೇ ಪುಸ್ತಕ ಬರೆದವನಿಗೆ, ಭಾರತೀಯರು ತಮ್ಮನ್ನು ತಾವು ಆಳಿಕೊಳ್ಳಲು ಇನ್ನೂ ತಯಾರಿಲ್ಲ ಅನ್ನಿಸಿತ್ತು... 1930ರ ದಶಕದಲ್ಲಿ ನಮ್ಮ ಸ್ವಾತಂತ್ರ್ಯಕ್ಕಾಗಿ ಲಂಡನ್ನಿನಲ್ಲಿ ದುಡಿದ ಇಂಡಿಯಾ ಲೀಗ್‌ಗೆ ಕಾರ್ಯದರ್ಶಿ ವಿ.ಕೆ. ಕೃಷ್ಣ ಮೆನನ್, ಅಧ್ಯಕ್ಷ ಇದೇ ರಸೆಲ್!

ರಸೆಲ್ ತನ್ನ ಗಾಡ್‌ಫಾದರ್‌ನನ್ನು ಮೆಚ್ಚಿದ, ಅವನ ತಪ್ಪನ್ನು ಮಾತ್ರ ಮುಂದುವರಿಸಲಿಲ್ಲ. ನನಗೆ ಅವನು ಹೀರೋ ಆಗಿದ್ದು ಇದಕ್ಕೇ. ಮೆಚ್ಚುತ್ತಲೇ ಜಗಳವಾಡುವಂಥ ಹೀರೋ ನಿಮಗೂ ಇದ್ದಾರಾ?